ಕೊನೆಯ ಅಕ್ಷರ ಡಿ

(ಮಿನಿಯಾಪೊಲಿಸ್ ನಗರದ ಒಂದು ಮನೆಯ ನೆಲಮಾಳಿಗೆ. ಮಗಳು ಈ ಮನೆಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಯಿತು. ಅಪ್ಪ ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ಬೇಸಿಗೆ ಕಳೆಯಲು ಬಂದಿದ್ದಾರೆ. ಇಬ್ಬರ ನಡುವೆ ಒಂದು ಮರದ ಪೆಟ್ಟಿಗೆ.)

ಅಪ್ಪ: ಇದನ್ನ ಎತ್ತೋಕೆ ನಾಲ್ಕಾಳು ಬೇಕಲ್ಲಮ್ಮ. ಬೀಗದಕೈ ನೋಡು, ನಮ್ಮೂರ ದೇವಸ್ಥಾನದ್ದೂ ಇಷ್ಟು ದಪ್ಪ ಇರಲಿಲ್ಲ.

ಮಗಳು: ಅತ್ತೆಯವರ ಮುತ್ತಜ್ಜಿ ನಾರ್ವೆಯಿಂದ ಬರುವಾಗ ತಂದದ್ದು. ಅತ್ತೆ ಹಳೇ ಮನೆ ಖಾಲಿ ಮಾಡುವಾಗ ಯಾರಿಗೂ ಬೇಡವಾಗಿತ್ತು, ನಾನು ತಂದಿಟ್ಟುಕೊಂಡೆ. ಮುಂದುಗಡೆ ಬಳ್ಳಿ ಬಳ್ಳಿಯಾಗಿ ಬಣ್ಣ ಇದೆಯಲ್ಲ, ಅದಕ್ಕೆ ರೋಸೆಮಾಲಿಂಗ್ ಅಂತಾರೆ. ಬಳ್ಳಿಗಳ ನಡುವೆ ಬರೆದಿರೋದನ್ನ ಓದಿ.

ಅಪ್ಪ: ಕೆ, ಓ, ಡಿ. ಕೆಳಗೆ 1868.

ಮಗಳು: ಆ ಡಿ ನನ್ನ ಆರು ತಿಂಗಳು ತಿಂದುಹಾಕಿತು ಅಪ್ಪ. ಮನೆತನದ ಹೆಸರಿನ ಮೊದಲಕ್ಷರ ಇರಬೇಕು ಅಂದುಕೊಂಡು ಡಿಯಿಂದ ಶುರುವಾಗೋ ನಾರ್ವೆಯ ಅಡ್ಡಹೆಸರುಗಳನ್ನೆಲ್ಲ ಜಾಲಾಡಿದೆ. ಹಡಗಿನ ಪಟ್ಟಿ, ಸಮಾಧಿಗಳ ಪಟ್ಟಿ, ಒಂದೂ ಬಿಡಲಿಲ್ಲ. ಒಬ್ಬಳೂ ಸಿಗಲಿಲ್ಲ.

ಅಪ್ಪ: ಅವಳಿಗೆ ಅಡ್ಡಹೆಸರೇ ಇರಲಿಲ್ಲವೇನೋ.

ಮಗಳು: ಮೊದಲ ದಿನವೇ ನಿಮಗೆ ಫೋನ್ ಮಾಡಬೇಕಿತ್ತು! ಡಿ ಅಂದ್ರೆ ಡಾಟರ್, ಅವರ ಭಾಷೆಯಲ್ಲಿ ಮಗಳು. ಕೆ ಅವಳ ಹೆಸರು, ಓ ಅವಳಪ್ಪನದು. ಓಲೆ ಅನ್ನೋನ ಮಗ ಓಲ್ಸೆನ್, ಮಗಳು ಓಲ್ಸ್‌ಡಾಟರ್. ಓಲ್ಸೆನ್‌ನ ಮಗ ಓಲ್ಸೆನ್ ಆಗೋದಿಲ್ಲ, ಅವನಿಗೆ ಅವನಪ್ಪನ ಹೆಸರು. ಎಲ್ಲರೂ ವಂಶದ ಹೆಸರೊಂದನ್ನ ಇಟ್ಟುಕೊಳ್ಳಲೇಬೇಕು ಅಂತ ನಾರ್ವೆಯಲ್ಲಿ ಕಾನೂನು ಬಂದದ್ದೇ 1923ರಲ್ಲಿ.

ಅಪ್ಪ: ಒಂದೇ ಸೀಮೆಯಲ್ಲಿ ಹತ್ತು ಜನ ಓಲೆಗಳಿದ್ರೆ? ನಮ್ಮ ಕಚೇರಿಯಲ್ಲಿ ಬರೀ 'ರಾಮಣ್ಣನ ಮಗ' ಅಂತ ಅರ್ಜಿ ಬಂದ್ರೆ ವಾಪಸ್ ಕಳಿಸ್ತಿದ್ದೆ.

ಮಗಳು: ಅದಕ್ಕೇ ಮೂರನೇ ಹೆಸರು. ಅಲ್ಲಿ ಮನೆಗಳು ಗುಂಪಾಗಿಲ್ಲ, ನಮ್ಮ ಮಲೆನಾಡಿನ ಹಾಗೆ ಒಂಟಿ ಒಕ್ಕಲುಮನೆಗಳು. ಒಂದೊಂದು ಒಕ್ಕಲಿಗೂ ಒಂದೊಂದು ಹೆಸರು. ಇಂಥವನ ಮಗಳು ಇಂಥವಳು, ಇಂಥ ಒಕ್ಕಲು. ಆದ್ರೆ ಅದು ವಂಶದ ಹೆಸರಲ್ಲ, ವಿಳಾಸ. ಬೇರೆ ಒಕ್ಕಲಿಗೆ ಹೋದ್ರೆ ಆ ಹೆಸರೂ ಬದಲು. ಗಂಡಸು ಹೆಂಡತಿಯ ಒಕ್ಕಲಿಗೆ ಮನೆಯಳಿಯನಾಗಿ ಹೋದ್ರೆ ಅವಳ ಒಕ್ಕಲಿನ ಹೆಸರು ಅವನಿಗೆ ಬರ್ತಿತ್ತು.

ಅಪ್ಪ: ನಮ್ಮಲ್ಲಿ ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ತಾನು. ಅವರಲ್ಲಿ ಮೊದಲು ತಾನು, ಆಮೇಲೆ ಅಪ್ಪ, ಕೊನೆಗೆ ಊರು. ಸಾಮಾನು ಅವೇ ಮೂರು, ಜೋಡಿಸಿದ್ದು ತಿರುಗುಮುರುಗು.

ಮಗಳು: ಅಮೆರಿಕಕ್ಕೆ ಬಂದ ಮೇಲೆ ಕೆಲವರು ಅಪ್ಪನ ಹೆಸರನ್ನೇ ಗಟ್ಟಿ ಮಾಡಿಕೊಂಡರು, ಕೆಲವರು ಒಕ್ಕಲಿನ ಹೆಸರನ್ನ. ಶ್ರೀಮಂತರ ತೋರಿಕೆಯ ಖರ್ಚಿನ ಬಗ್ಗೆ 1899ರಲ್ಲಿ ಪುಸ್ತಕ ಬರೆದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೈನ್ ವೆಬ್ಲೆನ್ ಗೊತ್ತಲ್ಲ? ಅವನಪ್ಪ ಥಾಮಸ್, ಆಂಡರ್ಸ್‌ನ ಮಗ. ವೆಬ್ಲೆನ್ ಅನ್ನೋದು ವಾಲ್ಡ್ರೆಸ್ ಕಣಿವೆಯ ಒಂದು ಒಕ್ಕಲಿನ ಹೆಸರು. 1847ರಲ್ಲಿ ಹೊರಟ ಆ ಕುಟುಂಬ ಕೊನೆಗೆ ಇದೇ ಮಿನ್ನೆಸೋಟದ ನರ್ಸ್‌ಟ್ರಾಂಡ್‌ನಲ್ಲಿ ನೆಲೆ ನಿಂತಿತು. ಒಕ್ಕಲು ಅಲ್ಲೇ ಉಳಿಯಿತು, ಹೆಸರು ಮಾತ್ರ ಸಮುದ್ರ ದಾಟಿತು.

ಅಪ್ಪ: ಬಂದರಿನ ಗುಮಾಸ್ತ ನಮ್ಮಜ್ಜಿ ಹೆಸರು ಕೆಡಿಸಿಬಿಟ್ಟ ಅಂತ ಅಳಿಯಂದಿರು ಹೇಳ್ತಿದ್ರಲ್ಲ?

ಮಗಳು: ಈ ದೇಶದ ಮನೆ ಮನೆಯಲ್ಲೂ ಆ ಕಥೆ ಇದೆ, ಎಲ್ಲಿಸ್ ದ್ವೀಪದ ಗುಮಾಸ್ತ ಹೆಸರು ಬದಲಾಯಿಸಿದ ಅಂತ. ಎಲ್ಲಿಸ್ ದ್ವೀಪದ ವಲಸೆ ಕಚೇರಿ ತೆರೆದದ್ದು 1892ರ ಜನವರಿ 1ಕ್ಕೆ. ಇವಳು ಬಂದದ್ದು 1868ರಲ್ಲಿ. ಅದೂ ಅಲ್ಲದೆ ಅಲ್ಲಿನ ಗುಮಾಸ್ತರು ಹೊಸದಾಗಿ ಹೆಸರು ಬರೀತಿರಲಿಲ್ಲ. ಹಡಗು ಹೊರಟ ಬಂದರಿನಲ್ಲಿ ತಯಾರಾದ ಪಟ್ಟಿಯನ್ನ ಕೈಯಲ್ಲಿಟ್ಟುಕೊಂಡು ತಾಳೆ ನೋಡ್ತಿದ್ರು, ಅಷ್ಟೆ.

ಅಪ್ಪ: ಗುಮಾಸ್ತನ ಮೇಲೆ ಗೂಬೆ ಕೂರಿಸೋದು ಎಲ್ಲ ದೇಶದಲ್ಲೂ ಇದೆ ಅನ್ನು. ಇರಲಿ, ಹೆಸರು ಹಿಡಿದು ಸಿಗಲಿಲ್ಲ. ಏನು ಹಿಡಿದು ಸಿಕ್ಕಳು?

ಮಗಳು: ಸಾವಿನಿಂದ ಹಿಂದಕ್ಕೆ ಹೋದೆ. ಅವಳು ತೀರಿಕೊಂಡದ್ದು 1911ರಲ್ಲಿ, ಮಿನ್ನೆಸೋಟದ ಪಶ್ಚಿಮದ ಒಂದು ಹಳ್ಳಿಯಲ್ಲಿ. ಸರ್ಕಾರದ ಮರಣ ದಾಖಲೆಯಲ್ಲಿ ಹುಟ್ಟಿದ ಸ್ಥಳ 'ನಾರ್ವೆ' ಅಂತ ಒಂದೇ ಮಾತು. ಆದ್ರೆ ಆ ಹಳ್ಳಿಯ ಲುಥರನ್ ಚರ್ಚಿನವರು ಪುಸ್ತಕವನ್ನ ಆಗಲೂ ನಾರ್ವೆ ಭಾಷೆಯಲ್ಲೇ ಬರೀತಿದ್ರು. ಪಾದ್ರಿಗೆ ದೇಶದ ಹೆಸರು ಸಾಲದು, ಯಾವ ಸೀಮೆ, ಯಾವ ಚರ್ಚಿನ ಮಗಳು ಅಂತ ಬೇಕು. ವಾಲ್ಡ್ರೆಸ್ ಅಂತ ಬರೆದು, ಅದರೊಳಗಿನ ಚರ್ಚನ್ನೂ ಬರೆದಿದ್ದ.

ಅಪ್ಪ: ಕಣಿವೆ ಸಿಕ್ತು.

ಮಗಳು: ಕಣಿವೆ ಸಿಕ್ಕಿದ್ರೆ ಮುಕ್ಕಾಲು ಕೆಲಸ ಆದ ಹಾಗೆ. ನಾರ್ವೆಯ ರಾಷ್ಟ್ರೀಯ ಪತ್ರಾಗಾರದವರು ಹಳೇ ಚರ್ಚ್ ಪುಸ್ತಕಗಳ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಪುಕ್ಕಟೆ ನೋಡೋಕೆ ಬಿಟ್ಟಿದ್ದಾರೆ. ಕಷ್ಟ ಇದ್ದದ್ದು ಓದೋದರಲ್ಲಿ. ಗಾಥಿಕ್ ಕೈಬರಹ. ಈ, ಎನ್, ಆರ್ ಮೂರೂ ಬೇಲಿಯ ಗೂಟದ ಹಾಗೆ ಒಂದೇ ಥರ. ತಾರೀಖಿನ ಜಾಗದಲ್ಲಿ ಎಷ್ಟೋ ಕಡೆ ಹಬ್ಬದ ಲೆಕ್ಕ. ಇಂಥ ಹಬ್ಬ ಕಳೆದು ಮೂರನೇ ಭಾನುವಾರ ಅಂತ ಬರೆದಿದ್ರೆ ಅದು ಯಾವ ತಾರೀಖು ಅಂತ ನಾವೇ ಕೂತು ಎಣಿಸಬೇಕು.

ಅಪ್ಪ: ನಾನು ಕೆಲಸಕ್ಕೆ ಸೇರಿದಾಗ ಶಾನುಭೋಗರ ಹಳೇ ಕಡತಗಳಲ್ಲಿ ಮೋಡಿ ಅಕ್ಷರ. ಕಲಿಸಿದವರು ಒಂದು ಮಾತು ಹೇಳಿದ್ರು, ಮೊದಲು ಗೊತ್ತಿರೋ ಹೆಸರು ಹುಡುಕು, ಅದರಿಂದ ಅವನ ಕೈಯ ತಿರುವು ಕಲಿ, ಆಮೇಲೆ ಗೊತ್ತಿಲ್ಲದ್ದನ್ನ ಓದು.

ಮಗಳು: ನಾನೂ ಹಾಗೇ ಕಲಿತದ್ದು, ಆದ್ರೆ ಹೇಳಿಕೊಡೋರಿಲ್ಲದೆ. 1842ರಲ್ಲಿ ಅವಳ ದೀಕ್ಷಾಸ್ನಾನ. ಅಪ್ಪ ಹೂಸ್‌ಮನ್. ಅಂದ್ರೆ ದೊಡ್ಡ ಒಕ್ಕಲಿನ ಅಂಚಿನಲ್ಲಿ ಒಂದು ಗುಡಿಸಲು, ಅಂಗೈಯಗಲ ನೆಲ. ಬಾಡಿಗೆಗೆ ಬದಲಾಗಿ ಒಡೆಯನ ಹೊಲದಲ್ಲಿ ದುಡಿಮೆ.

ಅಪ್ಪ: ಆಮೇಲೆ?

ಮಗಳು: ಹದಿನೈದು ವರ್ಷ ಅವಳು ಕಣ್ಣಿಗೆ ಬೀಳೋದಿಲ್ಲ. 1857ರಲ್ಲಿ ಮತ್ತೆ ಕಾಣಿಸ್ತಾಳೆ, ಕನ್ಫರ್ಮೇಷನ್ ಪುಸ್ತಕದಲ್ಲಿ. 1736ರಿಂದ ಅಲ್ಲಿ ಅದು ಎಲ್ಲರಿಗೂ ಕಡ್ಡಾಯವಾಗಿತ್ತು. ಹುಡುಗ ಹುಡುಗಿಯರು ಪಾದ್ರಿಯ ಮುಂದೆ ನಿಂತು ಧರ್ಮದ ಪಾಠ ಒಪ್ಪಿಸಬೇಕು. ಅದಾಗದೆ ಮದುವೆಯೂ ಇಲ್ಲ. 1810ರಿಂದ ಇನ್ನೊಂದು ನಿಯಮ, ಸಿಡುಬಿನ ಲಸಿಕೆ ಹಾಕಿಸಿಕೊಂಡಿರಬೇಕು. ಅವಳ ಸಾಲಿನಲ್ಲಿ ಲಸಿಕೆಯ ತಾರೀಖಿದೆ. ಅದರ ಪಕ್ಕ ಪಾದ್ರಿ ಕೊಟ್ಟ ದರ್ಜೆ, ಜ್ಞಾನ ಬಹಳ ಚೆನ್ನಾಗಿದೆ ಅಂತ.

ಅಪ್ಪ: ಬಹಳ ಚೆನ್ನಾಗಿದೆ ಅಂತಲೇ ಬರೆದಿದ್ದಾನಾ? ಎಲ್ಲರಿಗೂ ಅದನ್ನೇ ಬರೆದಿದ್ದಾನೋ?

ಮಗಳು: ಇಲ್ಲ. ಆ ಹಾಳೆಯಲ್ಲಿ ಸುಮಾರಾದವರು ಇದ್ದಾರೆ, 'ಪರವಾಗಿಲ್ಲ'ದವರೂ ಇದ್ದಾರೆ. ಆಮೇಲಿನದು 1865ರ ಜನಗಣತಿ. ನಿಮಗೆ ಇಷ್ಟವಾಗುತ್ತೆ ಅಪ್ಪ, ಒಂದೊಂದು ಮನೆಯ ಜನರ ಜೊತೆಗೆ ದನಕರು, ಬಿತ್ತನೆಯ ಲೆಕ್ಕವನ್ನೂ ಬರೆದುಕೊಂಡಿದ್ದಾರೆ. ಅವಳ ಅಪ್ಪನ ಗುಡಿಸಲಲ್ಲಿ ಒಂದು ಹಸು, ನಾಲ್ಕು ಕುರಿ, ಬಿತ್ತಿದ ಆಲೂಗಡ್ಡೆ ಎಷ್ಟು ಪೀಪಾಯಿ ಅಂತ. ಮಗಳು ಮಾತ್ರ ಆ ಮನೆಯಲ್ಲಿಲ್ಲ. ಆಚೆ ದೊಡ್ಡ ಒಕ್ಕಲಿನಲ್ಲಿ ಕೆಲಸದವಳು, ವಯಸ್ಸು ಇಪ್ಪತ್ತಮೂರು.

ಅಪ್ಪ: ಅಷ್ಟು ಹೊತ್ತಿಗೆ ಹೊರಡೋ ಯೋಚನೆ ಬಂದಿರಬೇಕು.

ಮಗಳು: ಕಣಿವೆಗೆ ಕಣಿವೆಯೇ ಹೊರಟಿತ್ತು. ಯುದ್ಧ ನಿಂತಿತ್ತು, ಲಸಿಕೆ ಬಂದಿತ್ತು, ಆಲೂಗಡ್ಡೆ ಬಂದಿತ್ತು, ಮಕ್ಕಳು ಬದುಕಿ ಉಳಿಯೋಕೆ ಶುರುವಾದರು. 1801ರಲ್ಲಿ ಒಂಬತ್ತು ಲಕ್ಷವೂ ಇಲ್ಲದ ಜನ 1865ಕ್ಕೆ ಹದಿನೇಳು ಲಕ್ಷ ಆದರು. ನೆಲ ಹೆಚ್ಚಲಿಲ್ಲ. ನಾರ್ವೆಯಲ್ಲಿ ಉಳುವ ನೆಲ ನೂರಕ್ಕೆ ಮೂರರಷ್ಟು, ಉಳಿದದ್ದು ಬಂಡೆ, ಕಾಡು, ಹಿಮ. 1825ರಲ್ಲಿ ಸ್ಟಾವಾಂಗರ್ ಬಂದರಿನಿಂದ ರೆಸ್ಟೊರೇಷನ್ ಅನ್ನೋ ಪುಟ್ಟ ಹಾಯಿಹಡಗಿನಲ್ಲಿ 52 ಜನ ಹೊರಟರು, ದಾರಿಯಲ್ಲಿ ಒಂದು ಮಗು ಹುಟ್ಟಿ ನ್ಯೂಯಾರ್ಕ್‌ನಲ್ಲಿ ಇಳಿದವರು 53. ಆಮೇಲಿನ ನೂರು ವರ್ಷದಲ್ಲಿ ಹತ್ತಿರ ಹತ್ತಿರ ಎಂಟು ಲಕ್ಷ ಜನ ಬಂದರು.

ಅಪ್ಪ: ಹೊರಡುವಾಗ ಏನೂ ದಾಖಲೆ ಇಲ್ಲವೋ?

ಮಗಳು: ಇದೆ, ಪೊಲೀಸರ ಹತ್ತಿರ. ದಲ್ಲಾಳಿಗಳ ಮೋಸ ತಡೆಯೋಕೆ ಅಂತ ಹೋಗುವವರ ಹೆಸರು, ವಯಸ್ಸು, ಊರು ಬರೆದುಕೊಳ್ತಿದ್ರು. ಕ್ರಿಸ್ಟಿಯಾನಿಯಾ ಬಂದರಿನಲ್ಲಿ ಆ ಪುಸ್ತಕ 1867ರಿಂದ ಶುರು. ಅಲ್ಲೂ ಒಂದು ವಾರ ಮೋಸ ಹೋದೆ. ಓಸ್ಲೋ ಅಂತ ಹುಡುಕ್ತಾ ಕೂತಿದ್ದೆ. ಆ ನಗರಕ್ಕೆ ಮತ್ತೆ ಓಸ್ಲೋ ಅಂತ ಹೆಸರಿಟ್ಟದ್ದು 1925ರಲ್ಲಿ.

ಅಪ್ಪ: ಅಲ್ಲಿಂದ ನ್ಯೂಯಾರ್ಕಿಗೆ?

ಮಗಳು: ನ್ಯೂಯಾರ್ಕಿನ ಪಟ್ಟಿಯಲ್ಲಿ ಅವಳಿಲ್ಲ. ಬಂದದ್ದು ಕೆನಡಾದ ಕ್ವಿಬೆಕ್‌ಗೆ. ಬ್ರಿಟಿಷರು 1849ರಲ್ಲಿ ತಮ್ಮ ಹಡಗು ಕಾನೂನು ಸಡಿಲಿಸಿದ ಮೇಲೆ ನಾರ್ವೆಯ ಹಡಗುಗಳು ಜನರನ್ನ ಕ್ವಿಬೆಕ್‌ನಲ್ಲಿ ಇಳಿಸಿ, ವಾಪಸ್ ಹೋಗುವಾಗ ಮರದ ದಿಮ್ಮಿ ತುಂಬಿಕೊಂಡು ಹೋಗ್ತಿದ್ವು. ಜನಕ್ಕೆ ಕಡಿಮೆ ಚಾರ್ಜು, ಹಡಗಿನವನಿಗೆ ಎರಡೂ ಕಡೆ ಬಾಡಿಗೆ. ಏಳೆಂಟು ವಾರದ ಪ್ರಯಾಣ. ಊಟ ಅವರವರದೇ. ಈ ಪೆಟ್ಟಿಗೆ ತುಂಬಾ ಹಪ್ಪಳದಂಥ ತೆಳು ರೊಟ್ಟಿ, ಒಣಗಿಸಿದ ಮಾಂಸ. ಬಗ್ಗಿ ಮೂಸಿ ನೋಡಿ, ಮೂಲೆಯಲ್ಲಿ ಈಗಲೂ ಜಿಡ್ಡು ವಾಸನೆ ಇದೆ.

ಅಪ್ಪ: (ಮೂಸಿ) ವಾಸನೆ ಇದೆ ಕಣಮ್ಮ. ಸರಿ, ಇಲ್ಲಿ ಬಂದು ಏನು ಮಾಡಿದಳು?

ಮಗಳು: ಮದುವೆಯಾದಳು. 1871ರಲ್ಲಿ ಗಂಡ 160 ಎಕರೆಗೆ ಅರ್ಜಿ ಹಾಕಿದ. ಹೋಮ್‌ಸ್ಟೆಡ್ ಕಾಯ್ದೆ ಅಂತ, ಲಿಂಕನ್ ಸಹಿ ಹಾಕಿದ್ದು 1862ರ ಮೇ 20ಕ್ಕೆ. ಎಲ್ಲ ಸೇರಿ ಹದಿನೆಂಟು ಡಾಲರ್ ಶುಲ್ಕ. ಐದು ವರ್ಷ ಅಲ್ಲೇ ವಾಸ ಮಾಡಿ, ಮನೆ ಕಟ್ಟಿ, ಉತ್ತು ತೋರಿಸಿದ್ರೆ ಜಮೀನು ಅವರದು.

ಅಪ್ಪ: ನಮ್ಮ ದರಖಾಸ್ತು ಜಮೀನೇ. ಮಹಜರು ಯಾರು ಮಾಡ್ತಿದ್ರು?

ಮಗಳು: ಸ್ಥಳಕ್ಕೆ ಹೋಗಿ ನೋಡ್ತಿದ್ದದ್ದು ಅಪರೂಪ. ಜಮೀನಿನ ಕಚೇರಿಗೆ ಇಬ್ಬರು ಸಾಕ್ಷಿಗಳನ್ನ ಕರೆದುಕೊಂಡು ಹೋಗಬೇಕು. ಇವರು ಇಷ್ಟು ವರ್ಷದಿಂದ ಅಲ್ಲೇ ಇದ್ದಾರೆ, ಇಷ್ಟು ಎಕರೆ ಉಳುಮೆಯಾಗಿದೆ ಅಂತ ಅವರು ಪ್ರಮಾಣ ಮಾಡಬೇಕು.

ಅಪ್ಪ: ಸಾಕ್ಷಿಗಳು ಯಾರು ಅಂತ ನೋಡಿದೆಯಾ? ಯಾವ ಫೈಲಿನಲ್ಲೂ ನಾನು ಮೊದಲು ನೋಡ್ತಿದ್ದದ್ದು ಅರ್ಜಿದಾರನನ್ನಲ್ಲ, ಸಾಕ್ಷಿಗಳನ್ನ.

ಮಗಳು: ನೋಡಿದೆ. ಇಬ್ಬರೂ ವಾಲ್ಡ್ರೆಸ್‌ನವರು. ಒಬ್ಬನಂತೂ ಅವಳು ಕೆಲಸಕ್ಕಿದ್ದ ಒಕ್ಕಲಿನ ಪಕ್ಕದ ಗುಡಿಸಲವನು, ಅದೇ 1868ರ ಪೊಲೀಸ್ ಪುಸ್ತಕದಲ್ಲಿ ಅವಳಿಗಿಂತ ಎರಡು ಸಾಲು ಮೇಲಿದ್ದಾನೆ. ಈ ಹುಡುಕಾಟದಲ್ಲಿ ನಾನು ಕಲಿತದ್ದು ಇದೇ ಅಪ್ಪ. ಅವಳ ಹೆಸರು ಎರಡು ಸಲ ಬದಲಾಯಿತು, ಅಪ್ಪನ ಮಗಳು, ಒಕ್ಕಲಿನವಳು, ಕೊನೆಗೆ ಇಂಥವನ ಹೆಂಡತಿ. ಜೊತೆಗಿದ್ದವರು ಮಾತ್ರ ಬದಲಾಗಲಿಲ್ಲ. ಮಕ್ಕಳ ದೀಕ್ಷಾಸ್ನಾನಕ್ಕೆ ನಿಂತವರು, ಜಮೀನಿಗೆ ಸಾಕ್ಷಿ ಹೇಳಿದವರು, ಸ್ಮಶಾನದಲ್ಲಿ ಪಕ್ಕ ಮಲಗಿದವರು, ಎಲ್ಲ ಆ ಒಂದೇ ಕಣಿವೆಯವರು.

ಅಪ್ಪ: ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ 160 ಎಕರೆಗೆ ಮೂಲ ಖಾತೆದಾರ ಯಾರು?

ಮಗಳು: ಅಳಿಯಂದಿರ ಮನೆಯಲ್ಲಿ ಇದುವರೆಗೂ ಯಾರೂ ಕೇಳದ ಪ್ರಶ್ನೆ ಇದು.

ಅಪ್ಪ: ಖಾಲಿ ಬಿದ್ದಿತ್ತು ಅಂತ ಯಾರಾದ್ರೂ ಹೇಳಿದ್ರೆ ನಾನು ನಂಬೋದಿಲ್ಲ. ಮೂವತ್ತೈದು ವರ್ಷದಲ್ಲಿ ಖಾಲಿ ಬಿದ್ದ ಜಮೀನು ನಾನು ನೋಡಿಲ್ಲ.

ಮಗಳು: ಡಕೋಟ ಜನರದು. 1851ರ ಒಪ್ಪಂದಗಳಲ್ಲಿ ಸುಮಾರು 2.4 ಕೋಟಿ ಎಕರೆ ಅವರ ಕೈ ತಪ್ಪಿತು. ಮಿನ್ನೆಸೋಟ ನದಿಯ ದಂಡೆಯಲ್ಲಿ ಒಂದು ಪಟ್ಟಿ ಮಾತ್ರ ಉಳಿಯಿತು. ಕೊಡಬೇಕಾದ ಹಣ ಸಮಯಕ್ಕೆ ಬರಲಿಲ್ಲ, ಜನ ಹಸಿದರು, 1862ರ ಆಗಸ್ಟಿನಲ್ಲಿ ಯುದ್ಧವೇ ಆಯಿತು. ವಲಸೆ ಬಂದವರೂ ನೂರಾರು ಜನ ಸತ್ತರು. ಡಿಸೆಂಬರ್ 26ಕ್ಕೆ ಮ್ಯಾನ್‌ಕೇಟೊ ಊರಲ್ಲಿ 38 ಡಕೋಟ ಗಂಡಸರನ್ನ ಒಟ್ಟಿಗೆ ಗಲ್ಲಿಗೇರಿಸಿದರು. ಮರುವರ್ಷ ಆ ಪಟ್ಟಿಯನ್ನೂ ಕಿತ್ತುಕೊಂಡು ರಾಜ್ಯದಿಂದಾಚೆ ಅಟ್ಟಿದರು.

ಅಪ್ಪ: ಹೋಮ್‌ಸ್ಟೆಡ್ ಕಾಯ್ದೆಯೂ 1862, ಗಲ್ಲೂ 1862.

ಮಗಳು: ಹೌದು. ಅತ್ತೆಯ ಮನೆಯಲ್ಲಿ ಈ ಎರಡು ಕಥೆಗಳನ್ನ ಒಂದೇ ಉಸಿರಿನಲ್ಲಿ ಹೇಳಿದವರಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಎರಡನ್ನೂ ಒಂದೇ ಪುಟದಲ್ಲಿ ಬರೆದಿದ್ದೀನಿ.

ಅಪ್ಪ: ಸರಿ ಮಾಡಿದೆ. ಮುಂದೆ ಹೇಳು.

ಮಗಳು: 1873ರಲ್ಲಿ ಮಿಡತೆ ಬಂತು, ಐದು ವರ್ಷ ಬಿಡಲಿಲ್ಲ. ಬೆಳೆದ ಗೋಧಿ ಹೋಯಿತು, ಒಣಹಾಕಿದ ಬಟ್ಟೆಯನ್ನೂ ತಿಂದವಂತೆ. 1876ರ ಚಳಿಗಾಲದಲ್ಲಿ ಗಂಡ ಸತ್ತ. ಜಮೀನು ಇನ್ನೂ ಕೈಗೆ ಬಂದಿರಲಿಲ್ಲ. ಆದ್ರೆ ವಿಧವೆ ಗಂಡನ ಅರ್ಜಿಯನ್ನ ಮುಂದುವರಿಸಬಹುದು ಅಂತ ಕಾಯ್ದೆಯಲ್ಲೇ ಇತ್ತು.

ಅಪ್ಪ: ಪೌತಿ ಖಾತೆ.

ಮಗಳು: ಅದೇ. 1878ರಲ್ಲಿ ಅವಳ ಹೆಸರಿಗೇ ಆಯಿತು. ಆ ಫೈಲು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿತ್ತು, ನಕಲು ತರಿಸಿದೆ. ನೋಡಿ. ದಿಮ್ಮಿಯ ಮನೆ, ಹನ್ನೆರಡಡಿ, ಹದಿನಾರಡಿ. ಒಂದು ಬಾಗಿಲು, ಎರಡು ಕಿಟಕಿ. ಉಳುಮೆ ಇಪ್ಪತ್ತೆರಡು ಎಕರೆ. ಕೊನೆಯಲ್ಲಿ ಸಹಿಯ ಜಾಗದಲ್ಲಿ ಒಂದು ಅಡ್ಡಗೀಟು, ಒಂದು ಉದ್ದಗೀಟು. ಸುತ್ತ 'ಅವಳ ಗುರುತು' ಅಂತ ಗುಮಾಸ್ತನ ಬರಹ.

ಅಪ್ಪ: ಹೆಬ್ಬೆಟ್ಟು.

ಮಗಳು: ಹೂಂ. ಅದನ್ನ ನೋಡಿದಾಗ ತುಂಬಾ ಪಾಪ ಅನ್ನಿಸಿತು. ಭಾಷೆ ಬಾರದ ದೇಶ, ಗಂಡ ಇಲ್ಲ, ಮಿಡತೆ, ಅದರ ಮೇಲೆ ಅಕ್ಷರವೂ ಬಾರದು. ನೋಟ್‌ಬುಕ್ಕಿನಲ್ಲಿ ಹಾಗೇ ಬರೆದುಕೊಂಡೆ, ಓದು ಬರಹ ಬಾರದವಳು ಅಂತ.

ಅಪ್ಪ: ಪೆಟ್ಟಿಗೆಯಲ್ಲಿ ಈ ಪುಸ್ತಕ ಯಾರದು?

ಮಗಳು: ಅದಾ? ಚರ್ಚಿನ ಹಾಡುಗಳ ಪುಸ್ತಕ, ಗಾಥಿಕ್ ಅಚ್ಚು. ಗಂಡನದೇ ಇರಬೇಕು.

ಅಪ್ಪ: ಹೇಗೆ ಹೇಳ್ತೀಯ?

ಮಗಳು: ಅವಳಿಗೆ ಓದೋಕೆ ಬರ್ತಿರಲಿಲ್ಲವಲ್ಲ.

ಅಪ್ಪ: ಒಂದು ನಿಮಿಷ ಇರು. ಗಂಡ ಸತ್ತದ್ದು 1876ರಲ್ಲಿ ಅಂದೆ. ಈ ಪುಟಗಳ ಕೆಳಮೂಲೆ ನೋಡು, ಬೆರಳಾಡಿ ಆಡಿ ಕಂದು ತಿರುಗಿ ಬಟ್ಟೆಯ ಹಾಗೆ ಮೆತ್ತಗಾಗಿದೆ. ಬೆನ್ನಿಗೆ ಎರಡು ಸಲ ಹೊಲಿಗೆ ಹಾಕಿದ್ದಾರೆ, ಎರಡು ಬೇರೆ ಬೇರೆ ದಾರ. ಎಂಟು ವರ್ಷಕ್ಕೆ ಪುಸ್ತಕ ಹೀಗೆ ಸವೆಯೋದಿಲ್ಲಮ್ಮ. ಅವನು ಸತ್ತ ಮೇಲೂ ಮೂವತ್ತು ವರ್ಷ ಯಾರೋ ಓದಿದ್ದಾರೆ.

ಮಗಳು: ಮಕ್ಕಳು ಓದಿರಬಹುದು.

ಅಪ್ಪ: ಓದಿರಬಹುದು. ಆ ಪಾದ್ರಿ 'ಬಹಳ ಚೆನ್ನಾಗಿದೆ' ಅಂತ ಬರೆದದ್ದು ಯಾರಿಗೆ?

ಮಗಳು: ...

ಅಪ್ಪ: ಪಾಠವನ್ನ ಕೇಳಿಸಿಕೊಂಡೇ ಬಾಯಿಪಾಠ ಮಾಡಿದ್ದಳೋ, ಅಚ್ಚಿನ ಪುಸ್ತಕ ಹಿಡಿದು ಓದಿದ್ದಳೋ?

ಮಗಳು: ಓದಲೇಬೇಕಿತ್ತು. ಆ ಕಾಲಕ್ಕೆ ಕಣಿವೆಯಲ್ಲಿ ಶಾಲೆಯ ಕಟ್ಟಡವೇ ಇರಲಿಲ್ಲ, ಮೇಷ್ಟ್ರು ಒಕ್ಕಲಿಂದ ಒಕ್ಕಲಿಗೆ ತಿರುಗಿ ಒಂದೊಂದು ಕಡೆ ಕೆಲವು ದಿನ ಕಲಿಸ್ತಿದ್ರು. ಅಷ್ಟು ಕಡಿಮೆ ದಿನದಲ್ಲಿ ಮೊದಲು ಓದು, ಪಾದ್ರಿ ಕೇಳೋದು ಅದನ್ನೇ ಅಂತ. ಬರವಣಿಗೆಗೆ ಅಷ್ಟು ಒತ್ತು ಇರಲಿಲ್ಲ, ಅದರಲ್ಲೂ ಹೂಸ್‌ಮನ್ನನ ಮಗಳಿಗೆ... ಅಯ್ಯೋ ಅಪ್ಪ. ಇರಿ, 1900ರ ಜನಗಣತಿ ತೆಗೀತೀನಿ.

ಅಪ್ಪ: 1890ರದ್ದು ಇಲ್ಲವಾ?

ಮಗಳು: 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬೆಂಕಿ ಬಿದ್ದು ಹಾಳಾಯಿತು, ಕೊನೆಗೆ ಅದು ಹೆಚ್ಚುಕಡಿಮೆ ಎಲ್ಲಾ ಹೋಯಿತು. 1900ರದ್ದು ಇದೆ. ಅವಳು ಆಗ ಮಗನ ಮನೆಯಲ್ಲಿ. ಈ ಸಾಲನ್ನ ನೂರು ಸಲ ನೋಡಿದ್ದೀನಿ. ಹೆತ್ತ ಮಕ್ಕಳೆಷ್ಟು, ಐದು. ಬದುಕಿರೋರೆಷ್ಟು, ಎರಡು. ಅಲ್ಲಿಗೇ ಕಣ್ಣು ನಿಂತುಬಿಡ್ತಿತ್ತು, ಬಲಗಡೆ ಹೋಗ್ತಾನೇ ಇರಲಿಲ್ಲ. ಇಲ್ಲಿದೆ ನೋಡಿ. ಓದಲು ಬರುವುದೇ, ಹೌದು. ಬರೆಯಲು ಬರುವುದೇ, ಇಲ್ಲ. ಎರಡು ಬೇರೆ ಬೇರೆ ಕಾಲಂ.

ಅಪ್ಪ: ಪಾದ್ರಿಗೆ ಬೇಕಾದದ್ದು ಓದು, ಅವನು ಅದನ್ನ ಬರೆದುಕೊಂಡ. ಜಮೀನು ಕಚೇರಿಗೆ ಬೇಕಾದದ್ದು ಸಹಿ, ಅದು ಬರಲ್ಲ ಅಂತ ಅವರು ಗೀಟು ಹಾಕಿಸಿಕೊಂಡರು. ಯಾರೂ ಸುಳ್ಳು ಬರೆದಿಲ್ಲ. ನೀನು ಜಮೀನು ಕಚೇರಿಯ ಪ್ರಶ್ನೆಗೆ ಬಂದ ಉತ್ತರವನ್ನ ಇಡೀ ಹೆಂಗಸಿಗೆ ಅಂಟಿಸಿಬಿಟ್ಟೆ.

ಮಗಳು: ನಿಮಗೆ ಅಷ್ಟು ಬೇಗ ಹೇಗೆ ಹೊಳೀತು?

ಅಪ್ಪ: ಹೊಳೆದದ್ದಲ್ಲ. ನಿಮ್ಮ ತಾತ ತೀರಿಕೊಂಡಾಗ ಪೌತಿ ಖಾತೆಗೆ ನಮ್ಮಮ್ಮನ ಹೆಬ್ಬೆಟ್ಟು ಒತ್ತಿಸಿದವನು ನಾನೇ. ಆಗ ನಾನು ಹೊಸ ಗುಮಾಸ್ತ, ತುಂಬಾ ಶಿಸ್ತು. ಕೆಳಗೆ ನನ್ನ ಕೈಯಾರೆ ಬರೆದೆ, ಅರ್ಜಿದಾರರು ಅನಕ್ಷರಸ್ಥರಾದ್ದರಿಂದ ಹೆಬ್ಬೆಟ್ಟಿನ ಗುರುತು ಪಡೆಯಲಾಗಿದೆ ಅಂತ. ಅಮ್ಮ ಸೆರಗಿನಲ್ಲಿ ಮಸಿ ಒರೆಸಿಕೊಂಡು ಮನೆಗೆ ಬಂದಳು. ದಿನಾ ಸಂಜೆ ಪಡಸಾಲೆಯಲ್ಲಿ ಅಕ್ಕಪಕ್ಕದ ಹೆಂಗಸರನ್ನ ಕೂರಿಸಿಕೊಂಡು ಜೈಮಿನಿ ಭಾರತ ಓದೋಳು. ಅವತ್ತೂ ಓದಿದಳು.

ಮಗಳು: ಅಜ್ಜಿ ಓದ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಏನೂ ಅನ್ನಲಿಲ್ಲವಾ ನಿಮಗೆ?

ಅಪ್ಪ: ಬರೆದದ್ದನ್ನ ಕಚೇರಿಯಲ್ಲೇ ಅವಳಿಗೆ ಓದಿ ಹೇಳಿದ್ದೆ, ಅದು ನಿಯಮ. ಅವಳು ಕೇಳಿಸಿಕೊಂಡು ಹೂಂ ಅಂದಳು, ಅಷ್ಟೆ. ಪುಸ್ತಕ ಈಗಲೂ ಅಟ್ಟದ ಮೇಲಿದೆ. ಒಂದು ಪುಟದ ಮೂಲೆಯಲ್ಲಿ ಕಪ್ಪು ಬೆರಳಚ್ಚು ಇದೆ. ಒರೆಸಿಕೊಂಡ್ರೂ ಮಸಿ ಪೂರ್ತಿ ಹೋಗಿರಲಿಲ್ಲ ಕಾಣುತ್ತೆ.

ಮಗಳು: ಕಚೇರಿಯ ದಾಖಲೆಯಲ್ಲಿ?

ಅಪ್ಪ: ಅಲ್ಲಿ ಅವಳು ಅನಕ್ಷರಸ್ಥೆ. ನಿವೃತ್ತನಾದವನು ಅದನ್ನ ತಿದ್ದೋ ಹಾಗಿಲ್ಲ. ನಿನ್ನ ನೋಟ್‌ಬುಕ್ಕಿಗೆ ಆ ತೊಂದರೆ ಇಲ್ಲವಲ್ಲ, ತೆಗೆ ಅದನ್ನ.

ಮಗಳು: ಪೂರ್ತಿ ಹೊಡೆದು ಹಾಕಲಾ?

ಅಪ್ಪ: ಪೂರ್ತಿ ಯಾಕೆ? 'ಓದು' ಅನ್ನೋದನ್ನ ಮಾತ್ರ ಹೊಡೆ. ಪಕ್ಕದಲ್ಲಿ ತಾರೀಖು ಹಾಕಿ ನಿನ್ನ ಸಹಿ ಮಾಡು.